ಮಳೆಗಾಲದ ಮಣ್ಣು ದಾರಿಗೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್: ಡಸ್ಟರ್, ಹೆಕ್ಸಾ, ಸ್ಟಾರ್ಮ್, ಯಾವುದು?

ಕಾನಸೂರು ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಶಿರಸಿ–ಸಿದ್ದಾಪುರ ರಸ್ತೆಯಿಂದ ಒಳಗೆ. ಟಾರು ಮುಗಿದ ಮೇಲೆ ಒಂದೂವರೆ ಕಿಲೋಮೀಟರ್ ಮಣ್ಣು ದಾರಿ, ಮಧ್ಯೆ ಒಂದು ಹಳ್ಳ, ಹಳ್ಳ ದಾಟಿದ ಕೂಡಲೇ ತಿರುವಿನ ಏರು. ಬೇಸಿಗೆಯಲ್ಲಿ ಯಾವ ಗಾಡಿಯಾದರೂ ಬರುತ್ತದೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಮುಗಿಯಿತು. ಈಗಿರುವ ಚಿಕ್ಕ ಕಾರು ಅರ್ಧ ಏರು ಹತ್ತಿ ಅಲ್ಲೇ ಚಕ್ರ ತಿರುಗಿಸುತ್ತ ನಿಲ್ಲುತ್ತದೆ, ಕೆಂಪು ಕೆಸರು ಬಾಗಿಲ ಹಿಡಿಕೆವರೆಗೂ ಹಾರುತ್ತದೆ, ಆಮೇಲೆ ಮೆಲ್ಲಗೆ ಹಿಂದೆ ಜಾರಲು ಶುರು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ರಸ್ತೆ ಬದಿಯ ನೆಂಟರ ಅಂಗಳದಲ್ಲಿ, ನಾವು ಕೊಡೆ ಹಿಡಿದು ನಡಿಗೆ. ಇಂಬಳದ ಕಾಟ ಬೇರೆ.

ಈ ವರ್ಷ ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಅಷ್ಟು ದೂರ ನಡೆಸುವ ಹಾಗಿಲ್ಲ. ಅದಕ್ಕೆ ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಎಳೆತ ಹೋಗುವ ಗಾಡಿ, ಹುಡುಕುತ್ತಿದ್ದೇನೆ. ಬಜೆಟ್ 8 ಲಕ್ಷ, ಎಳೆದರೆ 9. ಮನೆಯಲ್ಲಿ ಐದು ಜನ: ಅಪ್ಪ, ಆಯಿ, ನಾವಿಬ್ಬರು, ಮಗಳು. ಥಾರ್ ನೋಡಲು ಚೆಂದವೇ, ಆದರೆ ನಾಲ್ಕೇ ಸೀಟು, ಹಿಂದೆ ಕೂರಲು ಮುಂದಿನ ಸೀಟು ಸರಿಸಿ ಹತ್ತಬೇಕು. ಜಿಮ್ನಿಯೂ ನಾಲ್ಕೇ ಸೀಟು. ಉಳಿದದ್ದು ರೆನೊ ಡಸ್ಟರ್ ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್), ಟಾಟಾದ ಹೆಕ್ಸಾ ಫೋರ್ ಬೈ ಫೋರ್, ಟಾಟಾದ್ದೇ ಸಫಾರಿ ಸ್ಟಾರ್ಮ್. ತಿಂಗಳಿಗೊಮ್ಮೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಮಣಿಪಾಲಕ್ಕೂ ಹೋಗುವುದಿದೆ. ಓಡಿಸಿ ಗೊತ್ತಿರುವವರು ಹೇಳಿ. ಯೂಟ್ಯೂಬ್‌ನಲ್ಲಿ ಎಲ್ಲರೂ ಎಲ್ಲ ಗಾಡಿಯನ್ನೂ ಹೊಗಳುತ್ತಾರೆ, ಅದರಿಂದ ಉಪಯೋಗ ಆಗಲಿಲ್ಲ.

ಯಲ್ಲಾಪುರ ಡೀಸೆಲ್

ಮೊದಲು ಒಂದು ವಿಷಯ. ಫೋರ್ ವೀಲ್ ಅಂತ ಕರೆಯುವುದರಲ್ಲೇ ಎರಡು ಜಾತಿ ಇದೆ. ಸ್ಟಾರ್ಮ್, ಹಳೇ ಸ್ಕಾರ್ಪಿಯೊ ಫೋರ್ ವೀಲ್, ಇವುಗಳಲ್ಲಿ ಗುಂಡಿ ತಿರುಗಿಸಿದರೆ ಮಾತ್ರ ಮುಂದಿನ ಚಕ್ರಕ್ಕೂ ಎಳೆತ ಹೋಗುತ್ತದೆ, ಜೊತೆಗೆ ಲೋ ರೇಂಜ್ ಇದೆ, ಅಂದರೆ ಗಾಡಿ ನಡಿಗೆಯ ವೇಗದಲ್ಲಿ ಪೂರ್ತಿ ಶಕ್ತಿ ಹಾಕಿ ಹತ್ತುತ್ತದೆ. ಡಸ್ಟರ್, ಹೆಕ್ಸಾ, ಎಕ್ಸ್‌ಯುವಿ 500 ಹಾಗಲ್ಲ. ಒಂದು ಕಡೆಯ ಚಕ್ರ ಜಾರಿದಾಗ ಗಾಡಿಯೇ ಇನ್ನೊಂದು ಕಡೆಗೆ ಎಳೆತ ಕಳಿಸುತ್ತದೆ. ಲೋ ರೇಂಜ್ ಇಲ್ಲ. ಹೆಕ್ಸಾ ದೊಡ್ಡದು, ಹೆಸರಲ್ಲಿ ಫೋರ್ ಬೈ ಫೋರ್ ಇದೆ ಅಂತ ಅದರಲ್ಲೂ ಲೋ ರೇಂಜ್ ಇದೆ ಎಂದುಕೊಂಡು ತೆಗೆದುಕೊಂಡವರಿದ್ದಾರೆ. ಇಲ್ಲ.

ಹಾಗಂತ ನಿಮಗೆ ಲೋ ರೇಂಜ್ ಬೇಕೇ ಬೇಕಾ? ಒಂದೂವರೆ ಕಿಲೋಮೀಟರ್ ದಾರಿ, ಅದರಲ್ಲಿ ಒಂದು ಏರು. ನನ್ನ ಪ್ರಕಾರ ಡಸ್ಟರ್ ಸಾಕು. 1.5 ಡೀಸೆಲ್, 110 ಪಿಎಸ್, ಆರು ಗೇರು. ಲೋ ರೇಂಜ್ ಇಲ್ಲ ಅಂತಲೇ ಎಡಬ್ಲ್ಯೂಡಿಯ ಮೊದಲ ಗೇರನ್ನು ತುಂಬ ಚಿಕ್ಕದು ಮಾಡಿದ್ದಾರೆ, ಎಕ್ಸಲರೇಟರ್ ಮುಟ್ಟದೆ ಬರೀ ಕ್ಲಚ್ ಬಿಟ್ಟರೂ ಹತ್ತಿಕೊಂಡು ಹೋಗುತ್ತದೆ. ನೆಲದಿಂದ 210 ಮಿಲಿಮೀಟರ್ ಎತ್ತರ. ಗುಂಡಿಯನ್ನು ಲಾಕ್‌ಗೆ ತಿರುಗಿಸಿದರೆ ಮುಂದೆ ಹಿಂದೆ ಎರಡೂ ಕಡೆ ಎಳೆಯುತ್ತದೆ. ಹೆಕ್ಸಾ ತೂಕ ಎರಡು ಟನ್ ದಾಟುತ್ತದೆ. ಹೆದ್ದಾರಿಯಲ್ಲಿ ರಾಜನ ಹಾಗೆ ಹೋಗಬಹುದು, ಕೆಸರಿನ ತಿರುವಿನಲ್ಲಿ ಮಾತ್ರ ಆ ಭಾರವೇ ಬದಿಗೆ ಎಳೆಯುತ್ತದೆ, ನಮ್ಮ ತೋಟದ ದಾರಿಗಳ ಅಗಲವೂ ನಿಮಗೆ ಗೊತ್ತಲ್ಲ. ಡಸ್ಟರ್‌ನ ಕೊರತೆ ಅಂದರೆ ಎಡಬ್ಲ್ಯೂಡಿಯಲ್ಲಿ ಡಿಕ್ಕಿ ಚಿಕ್ಕದು, ಒಳಗಿನ ಪ್ಲಾಸ್ಟಿಕ್ಕು ಸಾಧಾರಣ. ಅಪ್ಪನಿಗೆ ಸೀಟಿನ ಎತ್ತರ ಸರಿಹೋಗುತ್ತದೆ, ಸ್ಟಾರ್ಮ್‌ನ ಹಾಗೆ ಕಾಲೆತ್ತಿ ಹತ್ತುವುದು ಬೇಡ.

2014ರ ಕೊನೆಯಿಂದ 2020ರೊಳಗಿನ ಗಾಡಿ ಮಾತ್ರ ಸಿಗುತ್ತದೆ. ಹೊಗೆಯ ಹೊಸ ನಿಯಮ ಬಿಎಸ್ 6 ಬಂದ ಮೇಲೆ ಡೀಸೆಲ್ ಡಸ್ಟರೇ ನಿಂತಿತು.

ಕೋಡಿಬಾಗ

ಕಾರವಾರದಿಂದ ಹೇಳುತ್ತಿದ್ದೇನೆ, ಕರಾವಳಿ ಗಾಡಿ ತೆಗೆದುಕೊಳ್ಳುವುದಾದರೆ ಅಡಿಗೆ ಮಲಗಿ ನೋಡದೆ ದುಡ್ಡು ಕೊಡಬೇಡಿ. ಇಲ್ಲಿಯ ಉಪ್ಪು ಗಾಳಿಗೆ ಮೇಲಿನ ಬಣ್ಣ ಫಳಫಳ ಅನ್ನುತ್ತಿದ್ದರೂ ಕೆಳಗೆ ತಗಡು ಹೊಪ್ಪಳಿಕೆ ಎದ್ದಿರುತ್ತದೆ. ಬಾಗಿಲಿನ ಕೆಳಅಂಚಿನಲ್ಲಿ ನೀರು ಹೋಗಲು ತೂತುಗಳಿರುತ್ತವೆ, ಅಲ್ಲಿ ಬೆರಳು ಹಾಕಿ ಎಳೆಯಿರಿ. ಕಂದು ಪುಡಿ ಬಂದರೆ ಒಳಗಿನಿಂದ ತಿನ್ನುತ್ತಿದೆ ಅಂತಲೇ. ಬ್ರೇಕ್ ಪೈಪು, ಸೈಲೆನ್ಸರ್ ಹಿಡಿಕೆ, ಹಿಂದಿನ ಸಸ್ಪೆನ್ಷನ್ ಕೂರುವ ಜಾಗ, ಸೀಟಿನ ಹಳಿ, ಇಷ್ಟನ್ನೂ ಟಾರ್ಚ್ ಹಾಕಿ ನೋಡಿ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ನನಗಂತೂ ಖುಷಿಯಾಗುವುದಿಲ್ಲ, ಸಂಶಯವೇ ಬರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಟಣ್ ಅನ್ನಬೇಕು.

ಇನ್ನೊಂದು ಗೋವಾ ಗಾಡಿ. ಮಾಜಾಳಿ ದಾಟಿದರೆ ಜಿಎ ನಂಬರಿನ ಗಾಡಿ ಕಡಿಮೆಗೆ ಸಿಗುತ್ತದೆ ಅಂತ ಎಲ್ಲರೂ ಆಸೆ ತೋರಿಸುತ್ತಾರೆ. ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು, ಕರ್ನಾಟಕದ ತೆರಿಗೆ ಕಡಿಮೆ ಏನಲ್ಲ. ದಿಲ್ಲಿಯಿಂದ ಬರುವ ಹತ್ತು ವರ್ಷದ ಡೀಸೆಲ್ ಗಾಡಿಗಳ ಕಥೆಯೂ ಇದೇ. ಅಲ್ಲಿ ಓಡಿಸಲು ನಿರ್ಬಂಧ ಇತ್ತು ಅಂತ ಅಗ್ಗಕ್ಕೆ ಇಲ್ಲಿಗೆ ಬರುತ್ತಿದ್ದವು. ತೆರಿಗೆ ಎಷ್ಟು ಅಂತ ಆರ್‌ಟಿಒದಲ್ಲಿ ಕೇಳಿ, ಕೂಡಿಸಿ, ಆಮೇಲೆ ಅಗ್ಗವಾ ನೋಡಿ. ಸುಮ್ನೆ ಶಿರಸಿಯ ಕೆಎ 31 ಅಥವಾ ಹುಬ್ಬಳ್ಳಿ ಕಡೆಯ ಗಾಡಿ ಹುಡುಕಿ. ಘಟ್ಟದ ಮೇಲಿನದ್ದಾದರೆ ಉಪ್ಪಿನ ಕಾಟವೂ ಇರುವುದಿಲ್ಲ.

ಘಟ್ಟದ ಕೆಳಗೆ

ನಾನು ಉಲ್ಟಾ ಮಾತಾಡುತ್ತೇನೆ, ಬೇಜಾರಾಗಬೇಡಿ ಮಾರಾಯ್ರೆ. 8 ಲಕ್ಷ ಕೊಟ್ಟು ಗಾಡಿ ತರುವ ಮೊದಲು ಆ ಏರಿಗೆ ಒಂದೆರಡು ಲೋಡ್ ಜಂಬಿಟ್ಟಿಗೆ ಚೂರು, ಜಲ್ಲಿ ಹಾಕಿಸಿ ಮೇಲ್ಗಡೆ ನೀರು ಕಡಿಯಲು ಅಡ್ಡ ಚರಂಡಿ ತೆಗೆಸಿದರೆ ಎಷ್ಟಾಗುತ್ತದೆ ಅಂತ ಕೇಳಿದಿರಾ? ಗಾಡಿ ಜಾರುವುದು ಮಣ್ಣಿಗಲ್ಲ, ದಾರಿಯ ಮೇಲೇ ಹರಿಯುವ ನೀರಿಗೆ.

ಗಾಡಿ ಬೇಕೇ ಬೇಕು ಅಂದರೆ ಟೈರಿನ ದುಡ್ಡು ಮೊದಲೇ ತೆಗೆದಿಡಿ. ಹಿಮ ಬೀಳುವ ದೇಶದವರೂ ಚಳಿಗಾಲಕ್ಕೆ ಮೊದಲು ಬದಲಿಸುವುದು ಟೈರು, ಫೋರ್ ವೀಲ್ ಆಮೇಲಿನ ಮಾತು. ಸವೆದ ಟೈರಿನ ಫೋರ್ ವೀಲ್ ನಾಲ್ಕು ಚಕ್ರವನ್ನೂ ಒಟ್ಟಿಗೆ ಜಾರಿಸುತ್ತದೆ ಅಷ್ಟೇ. ಕಾನೂನಿಗೆ 1.6 ಮಿಲಿಮೀಟರ್ ಹಲ್ಲು ಸಾಕು, ನಮ್ಮ ಮಳೆಗೆ ಅದು ಸಾಲದು, 3ಕ್ಕಿಂತ ಇಳಿದರೆ ನಾನು ಬದಲಿಸುತ್ತೇನೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 3218 ಅಂದರೆ 2018ರ 32ನೇ ವಾರ. ಹಲ್ಲು ಎಷ್ಟೇ ಇದ್ದರೂ ಅಷ್ಟು ಹಳೇ ರಬ್ಬರು ಒದ್ದೆಯಲ್ಲಿ ಹಿಡಿಯುವುದಿಲ್ಲ.

ಇನ್ನು ದೇವಿಮನೆ. ಇಳಿಯುವಾಗ ಫೋರ್ ವೀಲ್ ಇದ್ದರೂ ಬ್ರೇಕು ಅದೇ ನಾಲ್ಕು ಚಕ್ರಕ್ಕೆ, ಎರಡೇ ಚಕ್ರಕ್ಕೆ ಎಳೆತ ಇರುವ ಕಾರಿಗೂ ಅಷ್ಟೇ. ಎರಡನೇ ಗೇರಿನಲ್ಲಿ ಇಳಿಯಿರಿ. ಹತ್ತುವಾಗ ಚೆನ್ನಾಗಿ ಹಿಡಿಯಿತು ಅಂತ ಇಳಿಯುವಾಗಲೂ ಅದೇ ಧೈರ್ಯದಲ್ಲಿ ಬಿಟ್ಟವರೇ ಚರಂಡಿಗೆ ಇಳಿದಿರುತ್ತಾರೆ. ಮತ್ತೆ 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಬಂದಾಗ ನೋಡಿದೆವಲ್ಲ, ದರೆ ಕುಸಿಯುವ ದಿನ ಯಾವ ಗಾಡಿಯಿದ್ದರೂ ಒಂದೇ. ರೆಡ್ ಅಲರ್ಟ್ ಇದ್ದರೆ ಮಣಿಪಾಲದ ಅಪಾಯಿಂಟ್‌ಮೆಂಟ್ ಮುಂದೆ ಹಾಕಿಸಿ.

ಕಾನಸೂರು ಕಡೆಯವ

ಜಲ್ಲಿ ವಿಷಯ ಸರಿ. ಆದರೆ ಆ ಏರಿನ ಜಾಗ ಇನ್ನೊಬ್ಬರ ಬೆಟ್ಟದಲ್ಲಿ ಬರುತ್ತದೆ, ದಾರಿಯ ತಕರಾರು ಅಜ್ಜನ ಕಾಲದ್ದು, ಅಲ್ಲಿ ಒಂದು ಬುಟ್ಟಿ ಕಲ್ಲು ಹಾಕಿದರೂ ಪಂಚಾಯ್ತಿಕೆ ಆಗುತ್ತದೆ. ಚರಂಡಿ ಮಾತ್ರ ಕೇಳಿ ನೋಡುತ್ತೇನೆ.

ಎರಡು ಗಾಡಿ ಸಿಕ್ಕಿವೆ. ಹುಬ್ಬಳ್ಳಿಯಲ್ಲಿ ಸ್ಟಾರ್ಮ್ ಫೋರ್ ಬೈ ಫೋರ್, ಶಿರಸಿಯಲ್ಲೇ 2016ರ ಡಸ್ಟರ್ ಎಡಬ್ಲ್ಯೂಡಿ, ಒಬ್ಬರೇ ಓನರು. ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ ಕೂಡ ಒಬ್ಬರು ಹೇಳಿದರು, ಬಜೆಟ್ ದಾಟುತ್ತದೆ. ಅದರಲ್ಲಿ ಸ್ನೋ ಅಂತ ಮೋಡ್ ಇದೆಯಂತೆ, ಆಯಿ ಕೇಳಿ ನಕ್ಕಳು. ಡಸ್ಟರ್‌ನ ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದೆ ಅಂತ ಹೇಗೆ ತಿಳಿಯುವುದು? ಟಾರಿನ ಮೇಲೆ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ.

ಯಲ್ಲಾಪುರ ಡೀಸೆಲ್

ಆಯಿಗೆ ಹೇಳಿ, ಆ ಸ್ನೋ ಮೋಡ್ ಎಕ್ಸಲರೇಟರನ್ನು ಮೆತ್ತಗೆ ಮಾಡುತ್ತದೆ, ಚಕ್ರ ಗಿರ್ರನೆ ತಿರುಗದ ಹಾಗೆ. ನಮ್ಮ ಕೆಸರಿಗೂ ಅದೇ ಬೇಕು. ಡಸ್ಟರ್‌ನಲ್ಲಿ ಆ ಕೆಲಸ ನಿಮ್ಮ ಪಾದ ಮಾಡಬೇಕು.

ಪರೀಕ್ಷೆ ಹೀಗೆ. ಮೊದಲು ಅಡಿಗೆ ಬಗ್ಗಿ ನೋಡಿ, ಮುಂದಿನಿಂದ ಹಿಂದಕ್ಕೆ ಉದ್ದ ಶಾಫ್ಟ್, ಹಿಂದಿನ ಚಕ್ರಗಳ ನಡುವೆ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಎಳೆತ ಹಂಚುವ ಗೇರಿನ ಡಬ್ಬಿ) ಇರಬೇಕು. ಹಿಂದೆ ಎಡಬ್ಲ್ಯೂಡಿ ಅಂತ ಸ್ಟಿಕರ್ ಹಚ್ಚುವುದು ಯಾರಿಗೂ ಬರುತ್ತದೆ. ಆಮೇಲೆ ಒದ್ದೆ ಹುಲ್ಲಿನ ಏರಿನಲ್ಲಿ ನಿಲ್ಲಿಸಿ, ಗುಂಡಿ ಟೂ ವೀಲ್‌ಗೆ ಹಾಕಿ ಹೊರಡಿ, ಮುಂದಿನ ಚಕ್ರ ಜಾರುತ್ತದೆ. ಅದೇ ಜಾಗದಲ್ಲಿ ಲಾಕ್ ಹಾಕಿ ಹೊರಡಿ. ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಹಿಂದಿನ ಚಕ್ರ ನೋಡಲು ಹೇಳಿ. ಅದು ತಳ್ಳಿದರೆ ಸರಿ. ಲಾಕ್ ಹಾಕಿದರೂ ಮುಂದಿನದ್ದೇ ತಿರುಗುತ್ತ ಕೂತರೆ, ಅಥವಾ ಡ್ಯಾಶ್‌ಬೋರ್ಡಿನಲ್ಲಿ ವಾರ್ನಿಂಗ್ ದೀಪ ಬಂದರೆ, ನಮಸ್ಕಾರ ಹೇಳಿ ಬನ್ನಿ. ಹಿಂದಿನ ಡಿಫರೆನ್ಷಿಯಲ್‌ನ ಎಣ್ಣೆ ಸ್ವಲ್ಪ ತೆಗೆಸಿ ನೋಡಿ, ಬೆಳ್ಳಗೆ ನೊರೆನೊರೆ ಇದ್ದರೆ ನೀರು ಹೋಗಿದೆ, ಹಳ್ಳದಲ್ಲಿ ಇಳಿಸಿದ ಗಾಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಬುಡದಲ್ಲಿ ಮಣ್ಣಿನ ಕಲೆ ಇದ್ದರೆ ನೆರೆ ನೀರು ಕುಡಿದ ಗಾಡಿ.

ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಮುಂದೆ ಹೊಸದು ಹಿಂದೆ ಹಳೇದು ಹಾಕಿ ಓಡಿಸಿದ್ದರೆ ಮುಂದೆ ಹಿಂದೆ ಚಕ್ರದ ವೇಗ ಹೊಂದದೆ, ಹಿಂದಿನ ಚಕ್ರಕ್ಕೆ ಎಳೆತ ಕಳಿಸುವ ಕಪ್ಲಿಂಗ್ ಸುಮ್ನೆ ಬಿಸಿಯಾಗಿ ಸವೆಯುತ್ತದೆ.

ಕಾಗದದಲ್ಲಿ ಸಾಲ ತೀರಿದೆಯಾ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. 2016ರ ಗಾಡಿಯಾದರೆ 2031ರವರೆಗೆ ಆರ್‌ಸಿ ಇದೆ, ಆಮೇಲೆ ಫಿಟ್‌ನೆಸ್ ಮಾಡಿಸಿ ಮುಂದುವರಿಸಬೇಕು.

ಹಳ್ಳದ ವಿಷಯ: ಮೊಣಕಾಲು ಮುಳುಗುವಷ್ಟು ನೀರಿದ್ದರೆ ಇಳಿಸಬೇಡಿ, ರಭಸ ಇದ್ದರೆ ಅದಕ್ಕಿಂತ ಕಡಿಮೆ ಇದ್ದರೂ ಬೇಡ. ನೀರಿನಲ್ಲಿ ಇಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು.

ಕಾನಸೂರು ಕಡೆಯವ

ಹಾಗಾದರೆ ಸ್ಟಾರ್ಮ್ ಬಿಟ್ಟೆ. ಭಾನುವಾರ ಡಸ್ಟರ್ ನೋಡಿ ಬರುತ್ತೇನೆ. ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡೇ ಹೋಗುತ್ತೇನೆ. ಟೈರ್ 215/65 ಆರ್ 16 ಅಲ್ವಾ? ಬೆಲೆ ಮಾತಾಡುವ ಮೊದಲೇ ಅದರ ದರ ಕೇಳಿಟ್ಟುಕೊಳ್ಳುತ್ತೇನೆ.

ಘಟ್ಟದ ಕೆಳಗೆ

ಹೌದು, ಅದೇ ಅಳತೆ. ದಾರಿ ಮಣ್ಣಿನದ್ದು ಅಂತ ಪೂರ್ತಿ ಕೆಸರಿನ ಟೈರ್ ಹಾಕಿಸಬೇಡಿ, ಘಟ್ಟದ ಒದ್ದೆ ಟಾರಿನಲ್ಲಿ ಅದು ಜಾರುತ್ತದೆ. ಎರಡಕ್ಕೂ ಆಗುವ ಎಟಿ (ಆಲ್ ಟೆರೇನ್) ಟೈರ್ ಕೇಳಿ.