ಮುತ್ತಜ್ಜ ಹಡಗು ಹತ್ತಿ ಎಲ್ಲೆಲ್ಲಿಗೆ ಹೋದರು? ದಾಖಲೆ ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಮುತ್ತಜ್ಜ ಮೊದಲ ಮಹಾಯುದ್ಧದಲ್ಲಿ ಮೈಸೂರು ಮಹಾರಾಜರ ಕುದುರೆ ದಳವಾದ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರು. ಬೊಂಬಾಯಿಯಲ್ಲಿ ಕುದುರೆ ಸಮೇತ ಹಡಗು ಹತ್ತಿದರು ಅಂತ ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಉಳಿದಿರುವುದು ಒಂದು ಪದಕ ಅಷ್ಟೇ. ಅಮ್ಮನಿಗೆ ಈಗ ಎಂಬತ್ತು, ಅವರಿದ್ದಾಗಲೇ ತಿಳಿಯಬೇಕು.

ಉತ್ತರ 1: ಒಬ್ಬ ಸವಾರನ ಹೆಸರಲ್ಲಿ ಪ್ರಯಾಣದ ಕಾಗದ ಸಿಗುವುದು ಕಷ್ಟ. ದಳ ಹೋದ ದಾರಿ ಹಿಡಿಯಿರಿ. ಮೈಸೂರು ಲ್ಯಾನ್ಸರ್ಸ್ ಇದ್ದದ್ದು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್‌ನಲ್ಲಿ, ಅಂದರೆ ರಾಜಸಂಸ್ಥಾನಗಳ ಕುದುರೆ ದಳಗಳನ್ನು ಸೇರಿಸಿ ಮಾಡಿದ ಪಡೆಯಲ್ಲಿ. 1914ರಲ್ಲಿ ಈಜಿಪ್ಟ್, ಸೂಯೆಜ್ ಕಾಲುವೆ ಕಾವಲು, ಆಮೇಲೆ ಪ್ಯಾಲೆಸ್ಟೈನ್, 1918ರ ಸೆಪ್ಟೆಂಬರ್ 23ಕ್ಕೆ ಹೈಫಾ, ಅಕ್ಟೋಬರ್ 26ಕ್ಕೆ ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್. ದಿನದಿನದ ಯುದ್ಧ ಡೈರಿಗಳು ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಡಬ್ಲ್ಯೂಓ 95 (WO 95) ಅನ್ನುವ ಕಡತಗಳ ಸಾಲಿನಲ್ಲಿ ಹುಡುಕಿ. ಸಿಪಾಯಿಗಳ ಹೆಸರು ಅದರಲ್ಲಿ ಕಡಿಮೆ, ಆದರೆ ಯಾವತ್ತು ಎಲ್ಲಿ ಬೀಡು ಬಿಟ್ಟಿದ್ದರು ಅನ್ನುವುದು ಗೊತ್ತಾಗುತ್ತೆ.

ಉತ್ತರ 2: ಮೊದಲು ಪದಕದ ಅಂಚು ನೋಡಿ. ನಂಬರ್, ಹುದ್ದೆ, ಹೆಸರು, ದಳ ಅಲ್ಲೇ ಕೊರೆದಿರುತ್ತೆ. ಅದು ಬ್ರಿಟಿಷ್ ವಾರ್ ಮೆಡಲ್ (ಆ ಯುದ್ಧದಲ್ಲಿ ಸೇವೆ ಮಾಡಿದವರಿಗೆ ಕೊಟ್ಟ ಪದಕ) ಆಗಿದ್ದು ಬೆಳ್ಳಿಯ ಬದಲು ಕಂಚಿನದಾಗಿದ್ದರೆ ಅವರು ಸವಾರರಲ್ಲ, ಸೈಸ್ (ಕುದುರೆ ನೋಡಿಕೊಳ್ಳುವವರು) ಅಥವಾ ಬೇರೆ ಕೆಲಸದವರಾಗಿದ್ದಿರಬಹುದು. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದುಹೋಗುತ್ತೆ.

ಉತ್ತರ 3: ಅದು ಮಹಾರಾಜರ ಸೈನ್ಯ ಅಲ್ವಾ, ಹಾಗಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಿ. ಇಂಗ್ಲಿಷ್‌ನಲ್ಲಿ ಹೆಸರನ್ನು ಹೇಗೆ ಬೇಕಾದರೂ ಬರೆದಿರುತ್ತಾರೆ, ನಾಲ್ಕೈದು ಥರ ಹುಡುಕಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಟಾರ್ಚ್ ಹಾಕಿ ನೋಡಿದೆ. ಪದಕ ಕಂಚಿನದೇ. ಅಂಚಲ್ಲಿ 'ಸೈಸ್' ಅಂತಿದೆ. ಅಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಾರೆ.