ಗಾಜಿನ ಸ್ಲೈಡ್ ಮೇಲೆ ಚಿನ್ನದ ನ್ಯಾನೊಕಣ ನಿಲ್ತಾ ಇಲ್ಲ, ಯಾರಾದ್ರೂ ಹೇಳಿ

ಪ್ರಶ್ನೆ, ಕಾರವಾರ:
ಎಂಎಸ್ಸಿ ಪ್ರಾಜೆಕ್ಟ್. ಸಿಟ್ರೇಟ್ ಹಾಕಿ ಕುದಿಸಿ ಮಾಡಿದ ಚಿನ್ನದ ಸೋಲ್ (ನ್ಯಾನೊಕಣ ತೇಲ್ತಿರೋ ದ್ರವ) ಚೆಂದ ಕೆಂಪು ಬಂದಿದೆ, ಕೋಕಂ ಶರಬತ್ತಿನ ಥರ, ಯುವಿ-ವಿಸ್‌ನಲ್ಲಿ 520 ನ್ಯಾನೊಮೀಟರ್ ಹತ್ರ ಬೆಳಕು ಹೀರೋ ಪೀಕ್. ಎಥನಾಲ್‌ನಲ್ಲಿ 2% ಎಪಿಟಿಇಎಸ್ (ಗಾಜಿಗೆ ಅಂಟಿ ಅಮೈನ್ ಪದರ ಕೊಡೋ ಸೈಲೇನ್) ಮಾಡಿ ಸ್ಲೈಡಿಗೆ ಹಿಡಿಸಿ ರಾತ್ರಿಯಿಡೀ ಸೋಲ್‌ನಲ್ಲಿ ಮುಳುಗಿಸಿಟ್ರೆ ಒಂದು ಕಡೆ ಗುಲಾಬಿ, ಒಂದು ಕಡೆ ಏನೂ ಇಲ್ಲ, ನಡುನಡುವೆ ಬಿಳಿ ಕಲೆ, ಕೆಲವಂತೂ ತೊಳೆದು ಒಣಗಿಸಿದ್ಮೇಲೆ ನೀಲಿ ಆಗ್ತವೆ. ಜನವರಿಯಲ್ಲಿ ಸೀನಿಯರ್ಸ್‌ಗೆ ಇದೇ ವಿಧಾನದಲ್ಲಿ ಸರಿಯಾಗಿ ಬಂದಿತ್ತು. ಚಿನ್ನ ಮತ್ತೆ ಮಾಡ್ಬೇಕಾ?

ಉತ್ತರ, ಶಿರಸಿ:
ಬೇಡ ಮಾರಾಯ್ರೆ, ಆ ಪೀಕ್ ಇದ್ರೆ ಚಿನ್ನ ಸರಿಯೇ ಇದೆ, ಕಣ ಮಾಡೋಕೆ ಬೇಕಾದ ಅಷ್ಟು ದುಬಾರಿ ಕ್ಲೋರೋಆರಿಕ್ ಆಸಿಡ್ ಸುಮ್ನೆ ಖರ್ಚು ಮಾಡ್ಬೇಡಿ. ನೀರಲ್ಲಿ ಗಾಜಿಗೂ ಋಣ ಚಾರ್ಜ್, ಸಿಟ್ರೇಟ್ ಸುತ್ತಿಕೊಂಡ ಕಣಕ್ಕೂ ಋಣ ಚಾರ್ಜ್, ಒಂದನ್ನೊಂದು ದೂಡ್ತವೆ. ಮಧ್ಯದ ಅಮೈನ್ ಪದರಕ್ಕೆ ಧನ ಚಾರ್ಜ್ ಇರೋದ್ರಿಂದಲೇ ಕಣ ಕೂತ್ಕೊಳ್ಳೋದು, ಆ ಪದರ ಎಲ್ಲಿಲ್ಲವೋ ಅಲ್ಲಿ ತೊಳೆದ ಕೂಡಲೇ ಹೋಗ್ತದೆ. ಈಗ ಮಳೆಗಾಲ, ಕಾರವಾರದ ಗಾಳಿಯ ತೇವ ಕೇಳ್ಬೇಕಾ, ಎಪಿಟಿಇಎಸ್ ಬಾಟಲಿ ತೆಗೆದಾಗೆಲ್ಲ ತೇವ ಕುಡಿದು ಅದರ ಅಣುಗಳು ತಮ್ಮತಮ್ಮಲ್ಲೇ ಗಂಟು ಹಾಕ್ಕೊಂಡಿರ್ತವೆ, ನಿಮ್ಮ ಬಿಳಿ ಕಲೆ ಅದೇ ಇರ್ಬೇಕು. ಹೊಸ ಬಾಟಲಿ ತಂದು ಸಣ್ಣ ಸಣ್ಣ ವಯಲ್‌ಗೆ ಹಂಚಿ ತೇವ ತಾಗದ ಡೆಸಿಕೇಟರ್‌ನಲ್ಲಿಡಿ. ಸೈಲೇನ್ ಆದ್ಮೇಲೆ ಎಥನಾಲ್‌ನಲ್ಲಿ ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಿಸಿ ತೊಳೆಯೋದು), ಆಮೇಲೆ 110 ಡಿಗ್ರಿ ಓವನ್.

ಚಿನ್ನಕ್ಕೆ ಹಾಕೋ ಮೊದಲು ಸ್ಲೈಡ್ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಶುದ್ಧ ಗಾಜಲ್ಲಿ ಹರಡಿ ಹೋಗ್ತದೆ, ಸೈಲೇನ್ ಹಿಡಿದಿದ್ರೆ ಉಬ್ಬಿ ನಿಲ್ತದೆ.

ಇನ್ನೊಬ್ಬರು, ಕುಮಟಾ:
ನೀಲಿ ಆಗೋದಕ್ಕೆ ನೀರನ್ನೂ ನೋಡಿ. ಕಡಲ ಹತ್ರದ ಬಾವಿ ನೀರಿನ ಉಪ್ಪು ಕಣಗಳ ಚಾರ್ಜ್ ಮುಚ್ಚಿಬಿಡ್ತದೆ, ಆಗ ಒಟ್ಟುಗೂಡಿ ನೀಲಿ. ಟ್ಯೂಬಲ್ಲಿ ಸ್ವಲ್ಪ ಸೋಲ್‌ಗೆ ನೀವು ತೊಳೆಯೋ ನೀರು ಬೆರೆಸಿ, ಬಣ್ಣ ತಿರುಗಿದ್ರೆ ಗೊತ್ತಾಯ್ತಲ್ಲ. ಸ್ಲೈಡನ್ನ ತಾನಾಗಿ ಒಣಗಲು ಬಿಡ್ಬೇಡಿ, ನೈಟ್ರೋಜನ್ ಊದಿ. ಮತ್ತೆ ಸ್ಲೈಡ್ ಕ್ಲೀನಿಂಗಿಗೆ ಪಿರಾನ್ಹಾ (ಸಲ್ಫ್ಯೂರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣ) ಬಳಸೋದಾದ್ರೆ ಗೈಡ್ ಎದುರಿಗೇ, ಫ್ಯೂಮ್ ಹುಡ್ ಒಳಗೆ. ಹತ್ರ ಅಸಿಟೋನ್, ಎಥನಾಲ್ ಇರಕೂಡದು, ಮುಚ್ಚಳ ಹಾಕಿಡೋದಂತೂ ಬೇಡವೇ ಬೇಡ, ಸಿಡೀತದೆ.

ಕಾರವಾರ:
ಸರ್, ನೀರಿನ ಹನಿ ಬಿಳಿ ಕಲೆ ಇದ್ದಲ್ಲಿ ಮಾತ್ರ ನಿಂತಿತು, ಉಳಿದ ಕಡೆ ಹರಡಿಹೋಯ್ತು! ನೀರು ಬೆರೆಸಿದ್ರೆ ಕೆಂಪೇ ಇದೆ. ಹೊಸ ಬಾಟಲಿ ಬರೋದು ತಡ ಆಗ್ತದೆ, ಅಲ್ಲಿವರೆಗೆ?

ಶಿರಸಿ:
ಪಾಲಿ-ಎಲ್-ಲೈಸಿನ್ (ಅಮೈನೋ ಆಮ್ಲದ ಪಾಲಿಮರ್) ನೋಡಿ, ಅದೂ ಧನ ಚಾರ್ಜ್ ಕೊಡ್ತದೆ, ನೀರಲ್ಲೇ ಕೆಲಸ ಆಗೋದ್ರಿಂದ ತೇವದ ತಲೆಬಿಸಿ ಇಲ್ಲ. ಬಯಾಲಜಿಯವರು ಸ್ಲೈಡಿಗೆ ಬಳಸ್ತಾರೆ, ಅವರ ಫ್ರಿಜ್‌ನಲ್ಲಿ ಇದ್ರೂ ಇರ್ಬಹುದು, ಕೇಳಿ ನೋಡಿ.