ಹುಣಸೆ ಹಲಗೆಯ ಬಾರ್ ಕೌಂಟರ್: ನಡು ಉಬ್ಬಿದೆ, ತುದಿ ಸೀಳಿದೆ, ಗ್ಲಾಸ್ ಇಟ್ಟರೆ ಅಂಟುತ್ತಿದೆ

ಗುಬ್ಬಿಗೇಟ್ (ತುಮಕೂರು):

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಸ್ವಲ್ಪ ದಾರಿ ತೋರಿಸಿ.

ಕಳೆದ ಜೂನ್ ಗಾಳಿಮಳೆಗೆ ನಮ್ಮ ಹೊಲದ ಬದುವಿನ ಹಳೇ ಹುಣಸೆಮರ ಉರುಳಿತು. ಸೌದೆಗೆ ಕೊಡಲು ಮನಸ್ಸು ಬರಲಿಲ್ಲ. ಸಾಮಿಲ್‌ಗೆ ಹಾಕಿಸಿ ಒಂದು ಹಲಗೆ ಸೀಳಿಸಿದೆ. 7 ಅಡಿ ಉದ್ದ, 26 ಇಂಚು ಅಗಲ, ಎರಡೂವರೆ ಇಂಚು ದಪ್ಪ. ತೊಗಟೆ ತೆಗೆದು, ಅಂಚನ್ನು ಮರದ ಅಂಕುಡೊಂಕಿನಲ್ಲೇ ಬಿಟ್ಟೆ. ಏಳು ತಿಂಗಳು ಶೆಡ್‌ನಲ್ಲಿಟ್ಟು, ಜನವರಿಯಲ್ಲಿ ಮಹಡಿ ರೂಮಿನಲ್ಲಿ ಬಾರ್ ಕೌಂಟರ್ ಮಾಡಿಸಿದೆ. ಕೆಳಗೆ ಕಬ್ಬಿಣದ ಚೌಕಟ್ಟು, 12 ಸ್ಕ್ರೂ. ಮೇಲೆ ಆಚಾರ್ರು ಕೈಯಲ್ಲಿ ಪಾಲಿಶ್ ಹೊಡೆದರು. ಕನ್ನಡಿ ಥರ ಹೊಳೆಯುತ್ತಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು. ಅದಾಗಿ ಒಂದು ವಾರಕ್ಕೆ ರಾತ್ರಿ ಪಟಾಕಿ ಸಿಡಿದ ಹಾಗೆ ಸದ್ದು. ಎದ್ದು ನೋಡಿದರೆ ಬಲಗಡೆ ತುದಿಯಲ್ಲಿ 9 ಇಂಚು ಉದ್ದದ ಸೀಳು. ಈಗ ಹಲಗೆ ಅಡ್ಡಕ್ಕೆ ಆಮೆ ಬೆನ್ನಿನ ಹಾಗೆ ಉಬ್ಬಿದೆ, ನಡುವೆ ಮೂರು ನೂಲು (ಇಂಚಿಗೆ ಎಂಟು ನೂಲು) ಎತ್ತರ. ನಿಂಬೆಹಣ್ಣು ಇಟ್ಟರೆ ಉರುಳಿ ನೆಲಕ್ಕೆ ಬೀಳುತ್ತದೆ. ವಿಸ್ಕಿ ಗ್ಲಾಸ್ ಇಟ್ಟ ಕಡೆಯೆಲ್ಲ ಬಿಳಿ ಉಂಗುರ. ಎರಡು ಕಡೆ ಗ್ಲಾಸ್ ಅಂಟಿಕೊಂಡು ಪಾಲಿಶ್ ಸಮೇತ ಎದ್ದು ಬಂತು. ಇದರ ಜೊತೆಗೆ ಕೆಳಗಡೆ ನೆಲದ ಮೇಲೆ ದಿನಾ ಬೆಳಿಗ್ಗೆ ಒಂದು ಚಿಟಿಕೆ ಹಳದಿ ಪುಡಿ.

ಉಬ್ಬಿದ ಕಡೆ ಪ್ಲೇನರ್ (ಮರ ಹೆರೆಯುವ ಯಂತ್ರ) ಹೊಡೆದು, ಮೇಲೆ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ರಾಳ) ಸುರಿದರೆ ಎಲ್ಲ ಮುಚ್ಚಿಹೋಗುತ್ತದೆ ಅಂತ ಆಚಾರ್ರು ಹೇಳುತ್ತಿದ್ದಾರೆ. ಮಾಡಿಸಲಾ?

ಮಾವಿನತೋಪು (ಶ್ರೀನಿವಾಸಪುರ):

ಹುಣಸೆಮರವನ್ನು ಮನೆಯೊಳಗೆ ತಂದಿದ್ದೀರಿ, ನಮ್ಮಜ್ಜಿ ಇದ್ದಿದ್ದರೆ ಆ ಸದ್ದಿಗೆ ಬೇರೆಯೇ ಕಾರಣ ಹೇಳುತ್ತಿದ್ದರು! ತಮಾಷೆಗೆ ಹೇಳಿದೆ. ನನ್ನದು ಮಾವಿನ ಹಲಗೆ, ಎಪಾಕ್ಸಿ ಸುರಿದೇ ಸರಿಮಾಡಿಕೊಂಡೆ. ಎರಡು ವರ್ಷ ಆಯ್ತು, ಏನೂ ಆಗಿಲ್ಲ. ಸುಮ್ನೆ ಸುರೀರಿ.

ಚೇಗು (ತಿಪಟೂರು):

ಸುರಿಯಬೇಡಿ. ಪ್ಲೇನರ್ ಅಂತೂ ಮುಟ್ಟಲೇಬೇಡಿ. ಮೊದಲು ಇಷ್ಟು ಹೇಳಿ. ಹಲಗೆಯ ಕೆಳಮೈಗೆ ಏನಾದರೂ ಹಚ್ಚಿದ್ದೀರಾ? ಸ್ಕ್ರೂ ತೂತುಗಳು ಗುಂಡಗಿವೆಯಾ, ಉದ್ದಕ್ಕಿವೆಯಾ? ಪುಡಿ ಎಲ್ಲಿಂದ ಉದುರುತ್ತಿದೆ, ಅಂಚಿನ ಬಿಳಿ ಭಾಗದಿಂದಲಾ, ನಡುವಿನ ಕಪ್ಪು ಭಾಗದಿಂದಲಾ? ಆಮೇಲೆ, ಕಾಣದ ಒಂದು ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಅದ್ದಿ ಅರ್ಧ ನಿಮಿಷ ಉಜ್ಜಿ ನೋಡಿ.

ಗುಬ್ಬಿಗೇಟ್:

ಕೆಳಗೆ ಏನೂ ಹಚ್ಚಿಲ್ಲ, ಯಾರು ನೋಡ್ತಾರೆ ಅಂತ ಬಿಟ್ಟೆವು. ತೂತು ಗುಂಡಗಿವೆ, ಸ್ಕ್ರೂ ಬಿಗಿಯಾಗಿ ಕೂತಿವೆ. ಪುಡಿ ಬಿಳಿ ಅಂಚಿನಿಂದ ಮಾತ್ರ. ಅಲ್ಲಿ ಗುಂಡುಸೂಜಿ ತೂರುವಷ್ಟು ತೂತುಗಳಿವೆ, ನಡುವಿನ ಕಂದುಗಪ್ಪು ಭಾಗದಲ್ಲಿ ಒಂದೂ ಇಲ್ಲ. ಸ್ಪಿರಿಟ್ ಉಜ್ಜಿದ ಕಡೆ ಜೇನುತುಪ್ಪದ ಹಾಗೆ ಅಂಟಾಯಿತು, ಹತ್ತಿ ಕಂದು ಬಣ್ಣಕ್ಕೆ ತಿರುಗಿತು.

ಚೇಗು:

ಹಾಗಾದರೆ ನಿಮ್ಮದು ನಾಲ್ಕು ತೊಂದರೆ ಅಲ್ಲ, ಮೂರು. ಸೀಳು, ಉಬ್ಬು ಎರಡಕ್ಕೂ ಬೇರು ಒಂದೇ. ಹಲಗೆ ಇನ್ನೂ ಹಸಿ.

ದಪ್ಪ ಹಲಗೆ ನೆರಳಿನಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಅನ್ನುವುದು ಮರಗೆಲಸದವರ ಹಳೇ ಲೆಕ್ಕ. ನಿಮ್ಮದು ಎರಡೂವರೆ ಇಂಚು, ಕೊಟ್ಟಿದ್ದು ಏಳು ತಿಂಗಳು. ಅದರಲ್ಲಿ ಅರ್ಧ ಮಳೆಗಾಲ. ಕೈಗೆ ಒಣಗಿದ ಹಾಗೆ ಸಿಗುತ್ತದೆ, ಹೊಟ್ಟೆಯಲ್ಲಿ ನೀರು ಇದ್ದೇ ಇರುತ್ತದೆ. ಮೇಲೆ ಪಾಲಿಶ್ ಹೊಡೆದು ಬಾಯಿ ಕಟ್ಟಿದಿರಿ, ಕೆಳಗೆ ತೆರೆದು ಬಿಟ್ಟಿರಿ. ಮಾರ್ಚ್ ಬಿಸಿಲಿಗೆ ನೀರೆಲ್ಲ ಕೆಳಗಿಂದಲೇ ಹೊರಟಿತು. ಕೆಳಮೈ ಕುಗ್ಗಿತು, ಮೇಲ್ಮೈ ಕುಗ್ಗಲಿಲ್ಲ. ಅಂಚುಗಳು ಕೆಳಕ್ಕೆ ಎಳೆದವು, ನಡು ಎದ್ದಿತು. ಅದೇ ನಿಮ್ಮ ಆಮೆ ಬೆನ್ನು.

ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ ಜೋರು. 26 ಇಂಚು ಅಗಲದ ಹಲಗೆ ಪೂರ್ತಿ ಒಣಗುವಷ್ಟರಲ್ಲಿ ಕಾಲು ಇಂಚಿನಿಂದ ಅರ್ಧ ಇಂಚು ಕಿರಿದಾದರೆ ಆಶ್ಚರ್ಯವಿಲ್ಲ. ನೀವು 12 ಸ್ಕ್ರೂ ಹಾಕಿ, ಕದಲಬೇಡ ಅಂತ ಕಬ್ಬಿಣಕ್ಕೆ ಕಟ್ಟಿಹಾಕಿದ್ದೀರಿ. ಕುಗ್ಗಲು ಜಾಗ ಸಿಗಲಿಲ್ಲ, ಸೀಳಿಕೊಂಡಿತು. ಹುಣಸೆ ಗಾಣಕ್ಕೆ, ಕಸಾಯಿ ಅಂಗಡಿಯ ಕೊರಡಿಗೆ ಹಾಕುವ ಮರ. ಗಟ್ಟಿ ನಿಜ, ಆದರೆ ಗಟ್ಟಿ ಮರಕ್ಕೆ ಸಿಟ್ಟೂ ಜಾಸ್ತಿ.

ಈಗ ಉಬ್ಬನ್ನು ಹೆರೆದು ಮಟ್ಟ ಮಾಡಿದಿರಿ ಅನ್ನಿ. ಮುಂದೆ ಮೇಲ್ಮೈ ಒಣಗಿದಾಗ ಹಲಗೆ ವಾಪಸ್ ಬಾಗುತ್ತದೆ, ನಡುವೆ ಹಳ್ಳ ಬೀಳುತ್ತದೆ. ಎಪಾಕ್ಸಿ ಸುರಿದರೆ ಒಳಗಿನ ನೀರಿಗೆ ಇನ್ನೊಂದು ಮುಚ್ಚಳ ಹಾಕಿದ ಹಾಗೆ. ಮಾವಿನತೋಪು ಅವರ ಹಲಗೆ ಸುರಿಯುವ ಮೊದಲೇ ಒಣಗಿತ್ತು ಅನಿಸುತ್ತದೆ, ಅದಕ್ಕೇ ಬಚಾವಾದರು.

ಪಾಲಿಶ್ ವಿಷಯ. ನಿಮ್ಮ ಆಚಾರ್ರು ಹೊಡೆದಿದ್ದು ಅರಗಿನ ಪಾಲಿಶ್. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತಾರೆ. ಒಣಗಿದ ಮೇಲೂ ಸ್ಪಿರಿಟ್ ಬಿದ್ದರೆ ಅದು ಮತ್ತೆ ಕರಗುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್, ಉಳಿದದ್ದು ಹೆಚ್ಚುಕಮ್ಮಿ ನೀರೇ. ಆಲ್ಕೋಹಾಲ್ ಅರಗನ್ನು ಮೆತ್ತಗೆ ಮಾಡಿತು, ನೀರು ಒಳಗೆ ಸೇರಿ ಬಿಳಿ ಉಂಗುರ ಬಿಟ್ಟಿತು. ಪೂಜೆ ಮಂಟಪಕ್ಕೆ, ತೊಟ್ಟಿಲಿಗೆ ಅರಗಿನಂಥ ಚೆಂದದ ಪಾಲಿಶ್ ಇಲ್ಲ. ಬಾರ್ ಕೌಂಟರ್‌ಗೆ ಮಾತ್ರ ಅದು ಆಗಿಬರುವುದಿಲ್ಲ.

ಪುಡಿ ಗೆದ್ದಲಿನದಲ್ಲ. ಗೆದ್ದಲಾದರೆ ಸಾಮಾನ್ಯವಾಗಿ ಮಣ್ಣಿನ ಗೆರೆ ಇರುತ್ತದೆ. ಇದು ಮರ ಕೊರೆಯುವ ಸಣ್ಣ ದುಂಬಿಯ ಮರಿಹುಳ. ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಅದಕ್ಕೇ ಅಲ್ಲಿ ಮೇಯುತ್ತದೆ. ಚೇಗನ್ನು, ಅಂದರೆ ನಡುವಿನ ಕಪ್ಪು ತಿರುಳನ್ನು, ಮುಟ್ಟುವುದಿಲ್ಲ. ನಿಮ್ಮ ಅಂಕುಡೊಂಕು ಅಂಚು ಪೂರ್ತಿ ಬಿಳಿ ಭಾಗವೇ, ಅಲ್ವಾ? ಅಂದ ಬೇಕು ಅಂದರೆ ಅದನ್ನು ಕಾಯಬೇಕು.

ಮಾಡಬೇಕಾದದ್ದು ಇಷ್ಟು. ಹಲಗೆ ಬಿಚ್ಚಿ. ಸ್ಪಿರಿಟ್ ಹಾಕಿ ಅರಗು ಪೂರ್ತಿ ತೆಗೆಯಿರಿ, ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಬರಿಮೈ ಆದ ಮೇಲೆ ಬೋರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಿನಲ್ಲಿ ಕಲಸಿ ಬಿಳಿ ಅಂಚಿಗೆ ಎರಡು ಮೂರು ಸಲ ಕುಡಿಸಿ. ಪಾಲಿಶ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಇರುವ ತೂತುಗಳಿಗೆ ಸಿರಿಂಜಿನಲ್ಲಿ ಮರದ ಹುಳದ ಔಷಧಿ ಬಿಡಿ. ಎರಡೂ ತುದಿಯ ಕೊಯ್ದ ಮೈಗೆ ದಪ್ಪ ಪೇಂಟ್ ಬಳಿಯಿರಿ, ಇಲ್ಲದಿದ್ದರೆ ಮತ್ತೆ ಅಲ್ಲೇ ಸೀಳುತ್ತದೆ. ಒಂದಿಂಚಿನ ರೀಪರ್ (ಮರದ ಪಟ್ಟಿ) ತುಂಡುಗಳನ್ನು ಅಡಿಗೊಂದರಂತೆ ಕೆಳಗಿಟ್ಟು, ಹಲಗೆ ಮಲಗಿಸಿ, ಮೇಲೆ ಭಾರ ಹೇರಿ. ಎರಡೂ ಮೈಗೆ ಗಾಳಿ ಆಡಬೇಕು, ಬಿಸಿಲು ಬೀಳಬಾರದು.

ಆಮೇಲೆ ಕಾಯಿರಿ. ಬೇರೆ ದಾರಿ ಇಲ್ಲ.

ಗುಬ್ಬಿಗೇಟ್:

ಎಷ್ಟು ದಿನ? ತೇವ ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ.

ಚೇಗು:

ಅಡುಗೆಮನೆ ತಕ್ಕಡಿ, ಓವನ್ ಇದ್ದರೆ ಸಾಕು. ಹಲಗೆಯ ತೀರಾ ತುದಿಯಿಂದ ಬೇಡ, ಒಂದಡಿ ಒಳಗಿಂದ ತುಂಡು ತೆಗೆದು ತೂಗಿ. 103 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಒಣಗಿಸಿ. ತೂಕ ಇಳಿಯುವುದು ನಿಂತಾಗ ಮತ್ತೆ ತೂಗಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ.

ಗುಬ್ಬಿಗೇಟ್:

ನನ್ನ ಗೋಡೆಗೆ 6 ಅಡಿಯೇ ಸಾಕಿತ್ತು, ಹಾಗಾಗಿ ಸೀಳಿದ ತುದಿಯನ್ನು ಕೊಯ್ದೇಬಿಟ್ಟೆ. ಒಳಗಡೆಯ ತುಂಡು 212 ಗ್ರಾಂ ಇತ್ತು. ಓವನ್‌ನಲ್ಲಿ ಎರಡು ದಿನ, ಮನೆಯೆಲ್ಲ ಹುಳಿಹುಳಿ ವಾಸನೆ. ಕೊನೆಗೆ 178 ಗ್ರಾಂಗೆ ನಿಂತಿತು. 34 ಗ್ರಾಂ ನೀರು, ಅಂದರೆ 19%. ಇದನ್ನಾ ನಾನು ಪಾಲಿಶ್ ಮಾಡಿಸಿದ್ದು!

ಚೇಗು:

12% ಹತ್ತಿರ ಬರಲಿ. ನಮ್ಮ ಕಡೆ ಮನೆಯೊಳಗೆ ಅಷ್ಟಾದರೆ ಸಾಕು. ಇನ್ನೊಂದು ಮಳೆಗಾಲ, ಇನ್ನೊಂದು ಬೇಸಿಗೆ ಅಂತ ಇಟ್ಟುಕೊಳ್ಳಿ.

ಮಾವಿನತೋಪು:

ಅಲ್ಲಿಯವರೆಗೆ ಗ್ಲಾಸ್ ಎಲ್ಲಿಡೋದು ಸ್ವಾಮಿ?

ಗುಬ್ಬಿಗೇಟ್:

ಚೌಕಟ್ಟಿನ ಮೇಲೆ ಪ್ಲೈವುಡ್, ಅದರ ಮೇಲೆ ರೆಕ್ಸಿನ್. ಹೆಂಡತಿ ಇಸ್ತ್ರಿ ಮೇಜು ಅಂದುಕೊಂಡು ಬಟ್ಟೆ ತಂದು ಇಡುತ್ತಿದ್ದಾಳೆ.

ಗುಬ್ಬಿಗೇಟ್ (ಹದಿನಾಲ್ಕು ತಿಂಗಳ ನಂತರ):

ಹಳೇ ಚರ್ಚೆ ಎಬ್ಬಿಸುತ್ತಿದ್ದೇನೆ, ಬೈಕೋಬೇಡಿ. ಮೊನ್ನೆ ಇನ್ನೊಂದು ತುಂಡು ತೆಗೆದು ನೋಡಿದೆ. 140 ಇದ್ದದ್ದು 125ಕ್ಕೆ ನಿಂತಿತು, ಸರಿಯಾಗಿ 12%. ಮೂರು ನೂಲಿನ ಉಬ್ಬು ತಾನಾಗೇ ಒಂದು ನೂಲಿಗೆ ಇಳಿದಿತ್ತು. ಅಗಲ ಎರಡು ನೂಲು ಕಿರಿದಾಗಿದೆ. ಈಗ ಪ್ಲೇನರ್ ಹೊಡೆಸಿದೆ, ದಪ್ಪ 2 ಇಂಚು ಉಳಿಯಿತು. ಪುಡಿ ಬೀಳುವುದು ನಿಂತು ವರ್ಷ ಆಯಿತು. ಎಡ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಅದಕ್ಕೆ ಅಡ್ಡಲಾಗಿ ಡಮರು ಆಕಾರದ ತುಂಡು ಕೂರಿಸಿದೆ. ಆ ತುಂಡಿನ ಮರದ ಎಳೆ ಯಾವ ಕಡೆ ಇರಬೇಕು ಅಂತ ಗೊತ್ತಿಲ್ಲದೆ ಮೊದಲನೆಯದು ಹಾಳಾಯಿತು.

ಚೇಗು:

ಡಮರುವಿನ ಎಳೆ ಬಿರುಕನ್ನು ದಾಟುವ ಹಾಗೆ ಇರಬೇಕು. ಇಲ್ಲದಿದ್ದರೆ ಅದರ ಸೊಂಟವೇ ಮುರಿಯುತ್ತದೆ. ಚೌಕಟ್ಟಿನಲ್ಲಿ ಹಲಗೆಯ ನಡುಗೆರೆಯ ಸ್ಕ್ರೂಗಳಿಗೆ ಮಾತ್ರ ಗುಂಡು ತೂತು ಇರಲಿ. ಉಳಿದವನ್ನು ಹಲಗೆಯ ಅಗಲದ ದಿಕ್ಕಿಗೆ ಅರ್ಧ ಇಂಚು ಉದ್ದ ಮಾಡಿ, ವಾಷರ್ ಹಾಕಿ. ಮಳೆಗಾಲದಲ್ಲಿ ಹಲಗೆ ಸ್ವಲ್ಪ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಓಡಾಡಲು ಬಿಡಿ. ಮೇಲೆ ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಸಿ. ಮೇಲೆ ಎಷ್ಟು ಕೋಟೋ ಕೆಳಗೂ ಅಷ್ಟೇ. ಅರಗು ಎಲ್ಲೂ ಉಳಿದಿರಬಾರದು, ಅದರ ಮೇಣದ ಮೇಲೆ ಪಿಯು ಹಿಡಿಯುವುದಿಲ್ಲ.

ಗುಬ್ಬಿಗೇಟ್:

ಕೆಳಗೂ ಮೇಲೂ ನಾಲ್ಕು ನಾಲ್ಕು ಕೋಟ್ ಆಯಿತು. ಒಂದು ವಾರ ಮುಟ್ಟದೆ ಬಿಟ್ಟು, ನಿನ್ನೆ ಬೇಕಂತಲೇ ವಿಸ್ಕಿ ಚೆಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒರೆಸಿದರೆ ಕಲೆಯೇ ಇಲ್ಲ. ನಿಂಬೆಹಣ್ಣು ಇಟ್ಟ ಕಡೆ ನಿಲ್ಲುತ್ತದೆ. ಹಲಗೆ ತೆಳ್ಳಗಾದ್ದರಿಂದ ಕಾಲಿಗೆ ಅರ್ಧ ಇಂಚಿನ ಬುಷ್ ಹಾಕಿ, ನೆಲದಿಂದ 42 ಇಂಚಿಗೆ ತಂದಿದ್ದೇನೆ. 30 ಇಂಚಿನ ಸ್ಟೂಲ್‌ನಲ್ಲಿ ಕೂತರೆ ಸರಿ ಇದೆ, ಕಾಲು ಮಾತ್ರ ನೇತಾಡುತ್ತದೆ. ಪಾದ ಇಡುವ ಪೈಪ್ ಎಷ್ಟು ಎತ್ತರಕ್ಕೆ ಬೆಸುಗೆ ಹಾಕಿಸಲಿ?

ಚೇಗು:

ನೆಲದಿಂದ 12 ಇಂಚು. ಬೆಸುಗೆಗೆ ಮೊದಲು ಹಲಗೆ ಎತ್ತಿಟ್ಟುಬಿಡಿ, ಕಿಡಿ ಹಾರಿ ಪಿಯು ಸುಟ್ಟೀತು.